ಸದಸ್ಯರಿಂದ ಫಲಾನುಭವಿಗಳವರೆಗೆ: ಸಮಾಜವಾದಿ ಪಕ್ಷಗಳು ಸೊರಗಿದ್ದೇಕೆ?

ಭಾರತದಲ್ಲಿ ಹೊಸ ರಾಜಕೀಯ ಪಕ್ಷವೊಂದನ್ನು ನೋಂದಾಯಿಸಬೇಕಾದರೆ, ಅದು ಬಲಪಂಥದ್ದಾಗಿರಲಿ, ಒಂದು ಜಾತಿಯವರು ಕೂಡಿ ಕಟ್ಟಿದ್ದಾಗಿರಲಿ, ವ್ಯಾಪಾರಸ್ಥರೇ ಸೇರಿ ಮಾಡಿಕೊಂಡದ್ದಾಗಿರಲಿ, ಸಮಾಜವಾದದ ತತ್ವಕ್ಕೆ ನಿಷ್ಠರಾಗಿರುತ್ತೇವೆಂದು ತನ್ನ ನಿಯಮಾವಳಿಯಲ್ಲಿ ಬರೆದುಕೊಡಲೇಬೇಕು. ಪ್ರಜಾಪ್ರಾತಿನಿಧ್ಯ ಕಾಯ್ದೆಯ 29ಎ ಕಲಮಿನಲ್ಲಿರುವ ಈ ಷರತ್ತು 1989ರಿಂದ ಜಾರಿಯಲ್ಲಿದೆ. ಧಾರವಾಡದ ನನ್ನ ಪರಿಚಯದ ವಕೀಲರೊಬ್ಬರು ಇಂಥದೊಂದು ಸಣ್ಣ ಪಕ್ಷದ ನಿಯಮಾವಳಿಯ ಕನ್ನಡ ಕರಡನ್ನು ತಿದ್ದಿಕೊಡಲು ನನ್ನ ಕೈಗೆ ಕೊಟ್ಟಿದ್ದರು. ಅದರಲ್ಲಿ ಎಲ್ಲವೂ ಕ್ರಮವಾಗಿಯೇ ಇತ್ತು. ಆದರೆ ನಿಷ್ಠೆಯ ಆ ಒಂದು ಸಾಲಿನಲ್ಲಿ ಮಾತ್ರ ‘ಸಮಾಜವಾದ’ ಎಂಬುದು ‘ಸಮಾಜವಾದ್ಯ’ ಎಂದು ಟೈಪಾಗಿತ್ತು. ಪಕ್ಷ ಕಟ್ಟಹೊರಟಿದ್ದ ಹತ್ತಾರು ಮಂದಿ ಸಹಿ ಮಾಡಿದ್ದ ಕಾಗದವದು, ಆದರೆ ಆ ಸಾಲನ್ನು ಒಬ್ಬರೂ ಓದಿರಲಿಲ್ಲ.

ಸಂವಿಧಾನದ ಪ್ರಸ್ತಾವನೆಗೆ 1976ರ 42ನೇ ತಿದ್ದುಪಡಿಯಿಂದ ಬಂದು ಸೇರಿದ ಈ ಪದವನ್ನು ತೆಗೆಸಬೇಕೆಂದು ಕೋರಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ವಜಾ ಮಾಡಿತು. ಆದ್ದರಿಂದ ಸದ್ಯಕ್ಕೆ ಪದಕ್ಕೇನೂ ಅಪಾಯವಿಲ್ಲ. ಅಪಾಯದಲ್ಲಿರುವುದು ಆ ಪದವನ್ನು ನಂಬಿ ಹುಟ್ಟಿದ ಪಕ್ಷಗಳು. ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ 1998ರಲ್ಲಿ ಶೇ. 40.9 ಮತ ಪಡೆದಿತ್ತು. 2025ರಲ್ಲಿ ಅದಕ್ಕೆ ಸಿಕ್ಕದ್ದು ಶೇ. 16.4. ಫ್ರಾನ್ಸಿನಲ್ಲಿ 2012ರಲ್ಲಿ ಅಧ್ಯಕ್ಷ ಪದವಿಯನ್ನೇ ಗೆದ್ದಿದ್ದ ಸಮಾಜವಾದಿ ಪಕ್ಷದ ಅಭ್ಯರ್ಥಿಗೆ ಹತ್ತು ವರ್ಷಗಳ ನಂತರ ಬಂದದ್ದು ಶೇ. 1.75. ಗ್ರೀಸಿನ ಸಮಾಜವಾದಿ ಪಕ್ಷವಾದ ಪಾಸೋಕ್ 2009ರಲ್ಲಿದ್ದ ಶೇ. 43.9ರಿಂದ 2015ರ ಜನವರಿಯ ಹೊತ್ತಿಗೆ ಶೇ. 4.7ಕ್ಕೆ ಕುಸಿಯಿತು, ಮತ್ತು ಈ ಬಗೆಯ ಕುಸಿತಕ್ಕೆ ಆ ಪಕ್ಷದ ಹೆಸರಿನಿಂದಲೇ ‘ಪಾಸೋಕಿಫಿಕೇಶನ್’ ಎಂಬ ಪದ ಹುಟ್ಟಿಕೊಂಡಿತು. ನಮ್ಮಲ್ಲಿ ಪಶ್ಚಿಮ ಬಂಗಾಳವನ್ನು 1977ರಿಂದ ಸತತ 34 ವರ್ಷ ಆಳಿದ ಎಡರಂಗ 2021ರ ವಿಧಾನಸಭೆಯಲ್ಲಿ ಒಂದು ಸ್ಥಾನವನ್ನೂ ಪಡೆಯಲಿಲ್ಲ. ಇಷ್ಟು ದೂರದೂರದ ದೇಶಗಳಲ್ಲಿ ಒಂದೇ ಕುಲದ ಪಕ್ಷಗಳು ಹೀಗೆ ಸೊರಗಿರುವಾಗ, ಆಯಾ ನಾಯಕರ ತಪ್ಪು ಎಂದು ಹೇಳಿ ಕೈತೊಳೆದುಕೊಳ್ಳುವುದು ಸಾಲದು.

ಸಮಾಜವಾದಿ ಪಕ್ಷಗಳು ಎಂದು ಇಲ್ಲಿ ಒಂದು ದೊಡ್ಡ ಕುಟುಂಬವನ್ನೇ ಕರೆಯುತ್ತಿದ್ದೇನೆ: ಯುರೋಪಿನ ಸೋಷಿಯಲ್ ಡೆಮಾಕ್ರಾಟರು ಮತ್ತು ಲೇಬರ್ ಪಕ್ಷಗಳು, ಚುನಾವಣೆಯ ಹಾದಿ ಹಿಡಿದ ಕಮ್ಯುನಿಸ್ಟರು, 1934ರಲ್ಲಿ ಕಾಂಗ್ರೆಸ್ಸಿನ ಒಳಗೇ ಹುಟ್ಟಿ 1948ರಲ್ಲಿ ಹೊರಬಂದ ಆಚಾರ್ಯ ನರೇಂದ್ರ ದೇವ, ಜಯಪ್ರಕಾಶ ನಾರಾಯಣ, ರಾಮಮನೋಹರ ಲೋಹಿಯಾ ಅವರ ಪರಂಪರೆ. ಇವರ ನಡುವಿನ ಜಗಳಗಳು ಸಣ್ಣವಲ್ಲ. ಆದರೂ ಸಂಪತ್ತನ್ನೂ ದುಡಿಮೆಯ ಫಲವನ್ನೂ ಮತಪೆಟ್ಟಿಗೆಯ ಮೂಲಕವೇ ಹಂಚಬಹುದು ಎಂಬ ನಂಬಿಕೆಯಲ್ಲಿ ಇವರೆಲ್ಲರೂ ಒಂದು.

ತೊಡಕು ಶುರುವಾಗುವುದು ಆ ನಂಬಿಕೆಯ ಲೆಕ್ಕದಲ್ಲಿಯೇ. ಎಲ್ಲರಿಗೂ ಮತದ ಹಕ್ಕು ಬಂದರೆ, ಕಾರ್ಖಾನೆಗಳು ಹೆಚ್ಚಿದಂತೆ ಕಾರ್ಮಿಕರೇ ಬಹುಸಂಖ್ಯಾತರಾಗುತ್ತಾರೆ, ಆಗ ಗೆಲುವು ತಾನಾಗಿಯೇ ಬರುತ್ತದೆ ಎಂಬುದು 19ನೇ ಶತಮಾನದ ಎಣಿಕೆಯಾಗಿತ್ತು. ರಾಜಕೀಯ ವಿಜ್ಞಾನಿ ಆಡಂ ಪ್ರಜೆವೊರ್ಸ್ಕಿ ತೋರಿಸಿಕೊಟ್ಟಂತೆ, ಕೈಗಾರಿಕಾ ಕಾರ್ಮಿಕರು ಯಾವ ಪ್ರಜಾಪ್ರಭುತ್ವದಲ್ಲಿಯೂ ಮತದಾರರ ಅರ್ಧಕ್ಕಿಂತ ಹೆಚ್ಚಾಗಿ ಬಹುಕಾಲ ನಿಲ್ಲಲೇ ಇಲ್ಲ. ಹಾಗಾಗಿ ಗೆಲ್ಲಬೇಕೆಂದರೆ ಗುಮಾಸ್ತರು, ಶಿಕ್ಷಕರು, ಸಣ್ಣ ರೈತರು, ಅಂಗಡಿಕಾರರು ಎಲ್ಲರನ್ನೂ ಕರೆಯಬೇಕು. ಅವರನ್ನೆಲ್ಲ ಕರೆಯಲು ‘ಕಾರ್ಮಿಕರ ಪಕ್ಷ’ ಎಂಬ ಮಾತನ್ನು ಮೆತ್ತಗೆ ಮಾಡಬೇಕು. ಮೆತ್ತಗೆ ಮಾಡಿದೊಡನೆ, ನಾನು ಕಾರ್ಮಿಕ ಎಂಬ ಕಾರಣಕ್ಕೇ ಈ ಪಕ್ಷಕ್ಕೆ ಮತ ಹಾಕುತ್ತೇನೆ ಎನ್ನುತ್ತಿದ್ದವನ ಕಾರಣ ಸಡಿಲವಾಗುತ್ತದೆ. ಜರ್ಮನಿಯ ಪಕ್ಷ 1959ರಲ್ಲಿ ಗೋಡೆಸ್‌ಬರ್ಗ್ ಅಧಿವೇಶನದಲ್ಲಿ ಮಾರ್ಕ್ಸ್‌ವಾದವನ್ನು ಬದಿಗಿಟ್ಟು ಎಲ್ಲರ ಪಕ್ಷವೆಂದು ಸಾರಿಕೊಂಡಿತು, 1972ರಲ್ಲಿ ಶೇ. 45.8 ಮತವನ್ನೂ ಗಳಿಸಿತು. ಆ ಬೆಳೆ ಬಂದದ್ದು ನಿಜ. ಅದಕ್ಕೆ ಭೂಮಿಯ ಸಾರ ಎಷ್ಟು ಖರ್ಚಾಯಿತೆಂಬುದು ತಿಳಿಯಲು ಇನ್ನೂ ಮೂವತ್ತು ವರ್ಷ ಬೇಕಾಯಿತು.

ನಮ್ಮ ಕಡೆ ಈ ಲೆಕ್ಕ ಇನ್ನೂ ಕಗ್ಗಂಟು. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲಿ ಮೆಣಸಿನಕಾಯಿ ಸುಗ್ಗಿಯ ದಿನ ಒಂದು ತಕ್ಕಡಿಯ ಮುಂದೆ ನಿಂತು ನೋಡಿದರೆ ಸಾಕು. ಚೀಲ ತಂದ ರೈತನಿಗೆ ದರ ಏರಬೇಕು. ಚೀಲ ಹೊರುವ ಹಮಾಲನಿಗೆ ಹಮಾಲಿ ಏರಬೇಕು. ವರ್ಷದ ಖಾರಪುಡಿಗೆಂದು ಪೇಟೆಗೆ ಬಂದ ಸಂಬಳದಾರ ಕುಟುಂಬಕ್ಕೆ ಎರಡೂ ಇಳಿಯಬೇಕು. ಮೂವರೂ ದುಡಿದು ತಿನ್ನುವವರು. ಸಮಾಜವಾದಿ ಪಕ್ಷ ಮೂವರಿಗೂ ನಾವು ನಿಮ್ಮವರು ಎನ್ನಬೇಕು. ಅಷ್ಟೇ ಅಲ್ಲ, ಮೂವರು ಬೇರೆ ಬೇರೆ ಮನುಷ್ಯರು ಎಂಬುದೂ ಖಚಿತವಲ್ಲ. ಬೆನ್ನ ಮೇಲಿನ ಗೋಣಿತಾಟನ್ನು ಝಾಡಿಸಿ ಬಿಸಿಲು ತಪ್ಪಿಸಿಕೊಳ್ಳಲು ಲಾರಿಯ ನೆರಳಿಗೆ ಬಂದು ಕುಳಿತ ಹಮಾಲರೊಬ್ಬರನ್ನು ನೀವು ಯಾವ ಪಕ್ಷದ ಕಡೆ ಎಂದು ಕೇಳಿದ್ದೆ. “ಯಾವ ಪಾರ್ಟಿ ಅಂತ ಹೇಳೂದ್ರಿ ಸರ? ಇಲ್ಲಿ ನಾ ಹಮಾಲ. ಊರಾಗ ಎರಡ ಎಕರೆ ಹೊಲದ ಮಾಲಕ. ಕಾಯಿ ಬಿಡಸಾಕ ನಾನೂ ಆಳ ಹಚ್ಚತೀನಿ, ಆಳಿನ ಪಗಾರ ಭಾಳ ಆತು ಅಂತ ನಾನೂ ಬೈತೀನಿ” ಎಂದರು. ವರ್ಗ ಎಂಬ ಪದವನ್ನು ಇಷ್ಟು ಸರಳವಾಗಿ ಬಿಡಿಸಿ ಹೇಳಿದವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಮಲೆನಾಡಿನಲ್ಲಿ ಗೆರೆ ಸ್ಪಷ್ಟವಾಗಿತ್ತು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಒಂದು ಕಡೆ ಭೂಮಾಲೀಕ, ಇನ್ನೊಂದು ಕಡೆ ಗೇಣಿದಾರ. ನಡುವೆ ಗೇಣಿಯ ಭತ್ತ ಅಳೆಯುವ ಕೊಳಗದ ಅಳತೆಯ ಜಗಳ. ಲೋಹಿಯಾ ಬಂದು ಬಂಧನಕ್ಕೊಳಗಾದರು, ಮರುವರ್ಷವೇ ಸಮಾಜವಾದಿ ಮುಖಂಡ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಆಯ್ಕೆಯಾದರು. ಬಯಲುಸೀಮೆಯ ಎರೆನೆಲದಲ್ಲಿ ಹಾಗಲ್ಲ. ಇಲ್ಲಿ ಬಹುಮಂದಿ ಸ್ವಂತ ಹೊಲವಿರುವ ರೈತರು, ಅವರ ಜಗಳ ಒಡೆಯನ ಜೊತೆಗಲ್ಲ, ಸರಕಾರ ಮತ್ತು ಮಾರುಕಟ್ಟೆಯ ಜೊತೆಗೆ. 1980ರ ನರಗುಂದ–ನವಲಗುಂದದ ಬಂಡಾಯವನ್ನು ಅರ್ಥ ಮಾಡಿಕೊಳ್ಳದೆ ಕರ್ನಾಟಕದಲ್ಲಿ ಸಮಾಜವಾದಿ ರಾಜಕಾರಣ ಎಲ್ಲಿ ತಡೆದು ನಿಂತಿತೆಂದು ತಿಳಿಯುವುದು ಕಷ್ಟ ಎಂದು ನನಗೆ ಯಾವಾಗಲೂ ಅನಿಸಿದೆ.

ಮಲಪ್ರಭಾ ಅಣೆಕಟ್ಟೆಯ ಕಾಲುವೆಗಳು ಈ ತಾಲ್ಲೂಕುಗಳಿಗೆ ಬಂದಾಗ ಸರಕಾರ ರೈತರಿಂದ ಅಭಿವೃದ್ಧಿ ಕರ ಕೇಳಿತು. ಬೆಟರ್‌ಮೆಂಟ್ ಲೆವಿ ಎಂದೇ ಹಳಬರು ಇಂದಿಗೂ ಕರೆಯುತ್ತಾರೆ. ನೀರು ಬಾರದ ಕಾಲುವೆಯ ತುದಿಯ ಹೊಲಗಳಿಗೂ ಕರ ಬಂತು, ನೀರು ನಿಂತು ಸವುಳಾದ ಹೊಲಗಳಿಗೂ ಕರ ಬಂತು. ಜೋಳ ಬಿಟ್ಟು ವರಲಕ್ಷ್ಮಿ ಹತ್ತಿ ಹಾಕಿದ್ದವರಿಗೆ ಅದೇ ಹೊತ್ತಿಗೆ ದರ ಕೈಕೊಟ್ಟಿತ್ತು. ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಕಚೇರಿಗಳಿಗೆ ಮುತ್ತಿಗೆ ಹಾಕಿದರು, ಪೊಲೀಸರ ಗೋಲಿಬಾರಿನಲ್ಲಿ ರೈತರು ಸತ್ತರು, ಸಿಟ್ಟಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ಇಂದಿಗೂ ಪ್ರತಿ ಜುಲೈ 21ಕ್ಕೆ ನರಗುಂದದ ವೀರಗಲ್ಲಿಗೆ ಹಾರ ಬೀಳುತ್ತದೆ, ಎಲ್ಲ ಪಕ್ಷದವರೂ ಬಂದು ಹಾಕಿಹೋಗುತ್ತಾರೆ.

ಆ ಸಿಟ್ಟಿನಿಂದ ಎರಡು ಹುಟ್ಟಿದವು. ಒಂದು, 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರಕಾರ. ರಾಮಕೃಷ್ಣ ಹೆಗಡೆಯವರ ಆ ಜನತಾ ಸರಕಾರದೊಳಗೆ ಹಳೆಯ ಸಮಾಜವಾದಿಗಳಿದ್ದರು, ಆದರೆ ಅದು ಸಮಾಜವಾದಿ ಪಕ್ಷವಾಗಿರಲಿಲ್ಲ, ಏಕೆಂದರೆ 1977ರಲ್ಲಿಯೇ ಸಮಾಜವಾದಿಗಳು ತಮ್ಮ ಪಕ್ಷವನ್ನು ಮುಚ್ಚಿ ಜನತಾ ಪಕ್ಷದಲ್ಲಿ ಕರಗಿಹೋಗಿದ್ದರು. ಇನ್ನೊಂದು, ರಾಜ್ಯ ರೈತ ಸಂಘ. ಅದರ ನಾಯಕರಾದ ಎಂ.ಡಿ. ನಂಜುಂಡಸ್ವಾಮಿಯವರೂ ಲೋಹಿಯಾ ಪರಂಪರೆಯಿಂದಲೇ ಬಂದವರು. ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದು ಎಂದು ಬೋರ್ಡು ಹಾಕುವಷ್ಟು ಬಲವಿದ್ದ ಸಂಘವದು. ಆದರೂ ವಿಧಾನಸಭೆಯಲ್ಲಿ ಅದರ ಸ್ಥಾನಗಳು ಎಂದೂ ಬೆರಳೆಣಿಕೆಯನ್ನು ದಾಟಲಿಲ್ಲ. ಕಾರಣಗಳು ಹಲವು. ನನಗೆ ಮುಖ್ಯವಾಗಿ ಕಾಣುವುದು, ಹೊಲವಿರುವ ರೈತನ ಬೆಲೆಯ ಪ್ರಶ್ನೆಯೂ ಹೊಲವಿಲ್ಲದ ಕೂಲಿಯ ಪಗಾರದ ಪ್ರಶ್ನೆಯೂ ಒಂದೇ ಬಾವುಟದ ಕೆಳಗೆ ನಿಲ್ಲಲಿಲ್ಲ ಎಂಬುದು. ಹಳ್ಳಿ ಒಂದು, ದಿಲ್ಲಿ ಇನ್ನೊಂದು ಎಂದು ರೈತ ಸಂಘ ಹೇಳಿದಾಗ, ಹಳ್ಳಿಯೊಳಗೇ ಎರಡು ಕೇರಿಗಳಿವೆಯಲ್ಲ ಎಂದು ದಲಿತ ಸಂಘರ್ಷ ಸಮಿತಿ ಕೇಳುತ್ತಿತ್ತು. ಎರಡೂ ಮಾತು ಸತ್ಯವಾಗಿದ್ದವು. ಎರಡನ್ನೂ ಒಂದೇ ಸಭೆಯಲ್ಲಿ ಕುಳಿತು ಜಗಳವಾಡಿ ಬಗೆಹರಿಸಿಕೊಳ್ಳುವ ಪಕ್ಷ ಮಾತ್ರ ಇರಲಿಲ್ಲ.

ಹೀಗೆ ಕುಳಿತು ಜಗಳವಾಡುವ ಜಾಗವೇ ಸಮಾಜವಾದಿ ಪಕ್ಷಗಳ ನಿಜವಾದ ಬಂಡವಾಳವಾಗಿತ್ತು. ಪ್ರಣಾಳಿಕೆಯ ಬಗ್ಗೆ ಬರೆಯುವವರು ಇದನ್ನು ಮರೆಯುತ್ತಾರೆ. ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪು 19ನೇ ಶತಮಾನದ ಕೊನೆಯಿಂದ ಹುಬ್ಬಳ್ಳಿಯ ಸಾವಿರಾರು ಮನೆಗಳಿಗೆ ಅನ್ನ ಹಾಕಿದೆ. ಪಾಳಿ ಬಿಟ್ಟಾಗ ಗೇಟಿನ ಬಳಿ ನಡೆಯುವ ಸಭೆಗೆ ಗೇಟ್ ಮೀಟಿಂಗ್ ಎಂದು ಹೆಸರು. ಅಲ್ಲಿ ನಿಂತು ಕೇಳುವವರು ಹಳೇಹುಬ್ಬಳ್ಳಿಯ ಮುಸ್ಲಿಮರು, ಗದಗ ಕಡೆಯ ಲಿಂಗಾಯತರು, ಆಂಧ್ರದಿಂದ ಬಂದು ರೈಲ್ವೆ ಕಾಲೊನಿಗಳಲ್ಲಿ ನೆಲೆಸಿದವರು. ಬೇರೆಲ್ಲಿಯೂ ಅವರು ಒಂದು ಕಡೆ ನಿಲ್ಲುವ ಪ್ರಸಂಗವಿಲ್ಲ. ತಿಂಗಳಿಗೆ ಇಷ್ಟು ಎಂದು ವಂತಿಗೆ ಕೊಡುವುದು, ರಸೀದಿ ಪಡೆಯುವುದು, ಲೆಕ್ಕ ಕೇಳುವುದು, ಪದಾಧಿಕಾರಿಯನ್ನು ಬೈದು ಮುಂದಿನ ಸಲ ಬದಲಿಸುವುದು, ಇವೆಲ್ಲವೂ ಅಲ್ಲಿ ಕಲಿಯುವ ರೂಢಿಗಳು. ಯುರೋಪಿನಲ್ಲಿ ಇದೇ ರೂಢಿ ದೊಡ್ಡ ಪ್ರಮಾಣದಲ್ಲಿತ್ತು. ಬ್ರಿಟನ್ನಿನ ಕಾರ್ಮಿಕ ಸಂಘಗಳಲ್ಲಿ 1979ರಲ್ಲಿ ಸುಮಾರು 1 ಕೋಟಿ 30 ಲಕ್ಷ ಸದಸ್ಯರಿದ್ದರು. ಈಗ ಅದರ ಅರ್ಧದಷ್ಟು. 1970ರ ದಶಕದಲ್ಲಿ 10 ಲಕ್ಷ ದಾಟಿದ್ದ ಜರ್ಮನ್ ಪಕ್ಷದ ಸದಸ್ಯತ್ವ ಈಗ 4 ಲಕ್ಷಕ್ಕಿಂತ ಕಡಿಮೆ. ಮತಗಳ ಕುಸಿತಕ್ಕಿಂತ ಮೊದಲೇ ಈ ಕುಸಿತ ಶುರುವಾಗಿತ್ತು.

ಭಾರತದಲ್ಲಿ ದುಡಿಯುವವರಲ್ಲಿ ಹತ್ತಿರ ಹತ್ತಿರ ಶೇ. 90 ಮಂದಿ ಅಸಂಘಟಿತರು, ಅಂದರೆ ಗೇಟೇ ಇಲ್ಲದವರು. ನಮ್ಮ ಊರುಗಳಲ್ಲಿ ವಾರಕ್ಕೊಮ್ಮೆ ತಪ್ಪದೆ ಕೂಡುವ ಸಭೆ ಯಾವುದೆಂದು ನೋಡಿದರೆ, ಅದು ಹೆಣ್ಣುಮಕ್ಕಳು ಸಂಘದ ಸಾಲದ ಕಂತು ಕಟ್ಟುವ ಸಭೆ. ಅಲ್ಲಿ ಶಿಸ್ತಿದೆ, ಪುಸ್ತಕವಿದೆ, ಒಬ್ಬರಿಗೊಬ್ಬರು ಜಾಮೀನಿದ್ದಾರೆ. ಸಮಾಜವಾದಿ ಪಕ್ಷವೊಂದು ಅಸೂಯೆಪಡುವಂಥ ಸಂಘಟನೆಯದು. ಆದರೆ ಕೂಡುವುದು ಸಾಲ ತೀರಿಸಲು. ನಾನು ತಿದ್ದಿಕೊಟ್ಟ ನಿಯಮಾವಳಿಯಲ್ಲಿ ಪ್ರತಿ ಗ್ರಾಮಶಾಖೆ ತಿಂಗಳಿಗೊಮ್ಮೆ ಸಭೆ ಸೇರತಕ್ಕದ್ದು ಎಂಬ ಕಲಮಿತ್ತು, ಯಾರೋ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ “ಯಾರು ಬರತಾರ?” ಎಂದು ಬರೆದಿದ್ದರು. ಸದಸ್ಯತ್ವವನ್ನು ಮಿಸ್ಡ್ ಕಾಲ್ ಮೂಲಕ ಕೊಡಬಹುದೇ ಎಂಬುದು ಅವರ ಮುಂದಿನ ಪ್ರಶ್ನೆಯಾಗಿತ್ತು.

ಇನ್ನು ಗೆದ್ದು ಬಂದ ಮೇಲಿನ ಕಷ್ಟಕ್ಕೆ ಬರೋಣ. 1981ರಲ್ಲಿ ಫ್ರಾನ್ಸಿನ ಅಧ್ಯಕ್ಷರಾದ ಸಮಾಜವಾದಿ ನಾಯಕ ಫ್ರಾಂಸ್ವಾ ಮಿತೆರಾಂ ಬ್ಯಾಂಕುಗಳನ್ನೂ ದೊಡ್ಡ ಕೈಗಾರಿಕೆಗಳನ್ನೂ ರಾಷ್ಟ್ರೀಕರಣ ಮಾಡಿದರು, ಕನಿಷ್ಠ ವೇತನ ಏರಿಸಿದರು. ಹಣ ದೇಶದ ಹೊರಗೆ ಹರಿಯತೊಡಗಿತು, ಆಮದು ಏರಿತು, 1983ರ ಮಾರ್ಚ್ ಹೊತ್ತಿಗೆ ಫ್ರಾಂಕನ್ನು ಮೂರು ಸಲ ಅಪಮೌಲ್ಯ ಮಾಡಬೇಕಾಯಿತು. ಕೊನೆಗೆ ಅದೇ ಸರಕಾರ ಖರ್ಚು ಕಡಿತದ ದಾರಿ ಹಿಡಿಯಿತು. ಬಂಡವಾಳಕ್ಕೆ ಕಾಲಿದೆ, ಮತದಾರನಿಗಿಲ್ಲ ಎಂಬ ಪಾಠವನ್ನು ಆ ಎರಡು ವರ್ಷಗಳು ಎಲ್ಲ ಸಮಾಜವಾದಿ ಪಕ್ಷಗಳಿಗೂ ಕಲಿಸಿದವು. ಆಮೇಲೆ ಬಂದವರು ಮಾರುಕಟ್ಟೆಯೊಂದಿಗೆ ರಾಜಿ ಮಾಡಿಕೊಂಡೇ ಆಳಿದರು. ಬ್ರಿಟನ್ನಿನ ಲೇಬರ್ ಪಕ್ಷ ಸಾರ್ವಜನಿಕ ಒಡೆತನದ ಗುರಿಯನ್ನು 1995ರಲ್ಲಿ ತನ್ನ ನಿಯಮಾವಳಿಯಿಂದ ತೆಗೆಯಿತು. ಜರ್ಮನಿಯಲ್ಲಿ ಗೆರ್ಹಾರ್ಡ್ ಶ್ರೋಡರ್ ಸರಕಾರ 2005ರಿಂದ ನಿರುದ್ಯೋಗ ಭತ್ಯೆಯನ್ನು ಬಿಗಿ ಮಾಡಿತು, ಅದರಿಂದ ಮುನಿದವರು ಬೇರೆ ಎಡಪಕ್ಷ ಕಟ್ಟಿದರು. ಗ್ರೀಸಿನಲ್ಲಿ 2010ರ ಸಾಲದ ಬಿಕ್ಕಟ್ಟಿನಲ್ಲಿ ಪಿಂಚಣಿಗೂ ಸಂಬಳಕ್ಕೂ ಕತ್ತರಿ ಹಾಕುವ ಒಪ್ಪಂದಕ್ಕೆ ಸಹಿ ಮಾಡಿದವರು ಸಮಾಜವಾದಿಗಳೇ. ಬಲಪಂಥೀಯರು ಇದನ್ನು ಮಾಡಿದ್ದರೆ ಅವರ ಮತದಾರರಿಗೆ ಅಷ್ಟು ನೋವಾಗುತ್ತಿರಲಿಲ್ಲ.

ನಮ್ಮ ರಾಜ್ಯಗಳ ಮಟ್ಟದಲ್ಲಿ ಕೈ ಇನ್ನೂ ಬಿಗಿ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯ ಸರಕಾರ ತಾನೇ ಏರಿಸಿ ಇಳಿಸಬಹುದಾದ ತೆರಿಗೆಗಳಲ್ಲಿ ದೊಡ್ಡವಾಗಿ ಉಳಿದದ್ದು ಮದ್ಯ, ಪೆಟ್ರೋಲು–ಡೀಸೆಲ್ಲು, ಆಸ್ತಿ ನೋಂದಣಿ ಮತ್ತು ವಾಹನ. ಕರ್ನಾಟಕ 2002ರಲ್ಲಿಯೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿಕೊಂಡಿದೆ, ಸಾಲಕ್ಕೂ ಮಿತಿಯಿದೆ. ಅಪ್ಪಟ ಸಮಾಜವಾದಿಯೊಬ್ಬರು ಹಣಕಾಸು ಮಂತ್ರಿಯಾದರೂ ಬಡವರ ಯೋಜನೆಗೆ ಬಡವರು ಕುಡಿಯುವ ಮದ್ಯದಿಂದಲೇ ದುಡ್ಡು ಹೊಂದಿಸಬೇಕಾಗುತ್ತದೆ. ಜಿಎಸ್‌ಟಿಗೂ ಮೊದಲೇ ಬಂಗಾಳದ ಎಡರಂಗ ಇಂಥದೇ ಇಕ್ಕಟ್ಟಿನಿಂದ ಹೊರಬರಲೆಂದೇ ಕೈಗಾರಿಕೆಯನ್ನು ಕರೆತರಲು ಹೊರಟಿತು; ಸಿಂಗೂರಿನಲ್ಲಿ ಕಾರು ಕಾರ್ಖಾನೆಗೆ ರೈತರ ಸುಮಾರು 1,000 ಎಕರೆ ವಶಪಡಿಸಿಕೊಂಡು, ನಂದಿಗ್ರಾಮದಲ್ಲಿ 2007ರಲ್ಲಿ ಗೋಲಿಬಾರು ನಡೆದು, ಭೂಸುಧಾರಣೆಯಿಂದ ಗಳಿಸಿದ್ದ ಮತವನ್ನು ಭೂಸ್ವಾಧೀನದಲ್ಲಿ ಕಳೆದುಕೊಂಡಿತು.

ಚುನಾವಣಾ ಪದ್ಧತಿಯ ಪಾಲೂ ಇದೆ. 1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಸಮಾಜವಾದಿ ಪಕ್ಷ ಶೇ. 10.6 ಮತ ಪಡೆದು ಕಾಂಗ್ರೆಸ್ಸಿನ ನಂತರದ ಸ್ಥಾನದಲ್ಲಿತ್ತು, ಆದರೆ ಗೆದ್ದದ್ದು 12 ಸ್ಥಾನ. ಶೇ. 3.3 ಮತ ಪಡೆದ ಕಮ್ಯುನಿಸ್ಟರು ಕೆಲವೇ ಪ್ರದೇಶಗಳಲ್ಲಿ ಗಟ್ಟಿಯಾಗಿದ್ದುದರಿಂದ 16 ಗೆದ್ದರು. ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವನೇ ಗೆಲ್ಲುವ ಈ ಪದ್ಧತಿಯಲ್ಲಿ ದೇಶದ ತುಂಬ ತೆಳ್ಳಗೆ ಹರಡಿದವನಿಗೆ ಜಾಗವಿಲ್ಲ. ಸೋಲಿನ ಮರುದಿನದಿಂದಲೇ ವಿಲೀನ, ಒಡಕು, ಮತ್ತೆ ವಿಲೀನ ಶುರುವಾಯಿತು. 1955ರಲ್ಲಿ ಒಡೆದು, 1964ರಲ್ಲಿ ಕೂಡಿ, ಮತ್ತೆ ಒಡೆದು, ಆ ಪಕ್ಷಗಳ ಹೆಸರುಗಳನ್ನು ನೆನಪಿಟ್ಟುಕೊಳ್ಳುವುದೇ ಒಂದು ಪರೀಕ್ಷೆ.

ಮತದಾರನ ಮನಸ್ಸು ಹೊಟ್ಟೆಯ ಲೆಕ್ಕವೊಂದರಿಂದಲೇ ನಡೆಯುವುದಿಲ್ಲ ಎಂಬುದು ಮತ್ತೊಂದು ತೊಡಕು. ಫ್ರೆಂಚ್ ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟ್ಟಿ ಮತ್ತು ಅವರ ಸಂಗಡಿಗರು ಹಲವು ದೇಶಗಳ ಚುನಾವಣೋತ್ತರ ಸಮೀಕ್ಷೆಗಳನ್ನು ಕೂಡಿಸಿ ನೋಡಿದಾಗ, 1950ರ ದಶಕದಲ್ಲಿ ಎಡಪಕ್ಷಗಳಿಗೆ ಮತ ಹಾಕುತ್ತಿದ್ದವರು ಕಡಿಮೆ ಓದಿದವರು, ಈಗ ಹಾಕುವವರು ಹೆಚ್ಚು ಓದಿದವರು ಎಂಬುದು ಕಂಡುಬಂತು. ಈ ಹೊಸ ಎಡಕ್ಕೆ ಅವರು ಇಟ್ಟ ಹೆಸರು ‘ಬ್ರಾಹ್ಮಣ ಎಡ’, ಎದುರಿನದು ‘ವರ್ತಕರ ಬಲ’. ಪ್ಯಾರಿಸ್ಸಿನಲ್ಲಿ ಇದು ಬರಿಯ ರೂಪಕ. ಧಾರವಾಡದಲ್ಲಿ ಓದಿದರೆ ನಗು ಬರುತ್ತದೆ, ಆಮೇಲೆ ಯೋಚನೆಯೂ ಬರುತ್ತದೆ. ಪರಿಸರ, ವಲಸೆ, ಲಿಂಗಸಮಾನತೆಗಳಲ್ಲಿ ನಗರದ ಪದವೀಧರರು ಕೇಳುವುದು ಒಂದು, ಗಣಿ ಮುಚ್ಚಿದ ಊರಿನ ಹಳೆಯ ಕಾರ್ಮಿಕ ಕೇಳುವುದು ಇನ್ನೊಂದು. 2019ರಲ್ಲಿ ಬ್ರಿಟನ್ನಿನ ಉತ್ತರದ ಗಣಿ ಪ್ರದೇಶಗಳಲ್ಲಿ ಲೇಬರ್ ಪಕ್ಷ ತಲೆಮಾರುಗಳಿಂದ ಹಿಡಿದಿದ್ದ ಕ್ಷೇತ್ರಗಳನ್ನು ಕಳೆದುಕೊಂಡಿತು. ಮಾಜಿ ಪ್ರಧಾನಿ ಟೋನಿ ಬ್ಲೇರ್ ಅವರ ಕ್ಷೇತ್ರವಾಗಿದ್ದ ಸೆಜ್‌ಫೀಲ್ಡ್ ಕೂಡ ಹೋಯಿತು. 2024ರಲ್ಲಿ 650ರಲ್ಲಿ 411 ಸ್ಥಾನ ಗೆದ್ದು ಅದು ಮರಳಿ ಬಂದದ್ದು ನಿಜ, ಆದರೆ ಮತ ಸಿಕ್ಕದ್ದು ಶೇ. 33.7 ಮಾತ್ರ. ವಲಸೆಯ ವಿಷಯದಲ್ಲಿ ಬಲಪಂಥದ ಬಿಗಿನೀತಿಯನ್ನೇ ಎತ್ತಿಕೊಂಡ ಡೆನ್ಮಾರ್ಕಿನ ಸೋಷಿಯಲ್ ಡೆಮಾಕ್ರಾಟರು 2019ರಲ್ಲಿ ಗೆದ್ದಾಗ ಇದೇ ಮದ್ದು ಎಂದು ಹಲವರು ಹೇಳಿದರು. 2025ರ ನವೆಂಬರಿನಲ್ಲಿ ಅದೇ ಪಕ್ಷ ನೂರು ವರ್ಷಕ್ಕೂ ಹೆಚ್ಚು ಕಾಲ ಕೈಯಲ್ಲಿದ್ದ ಕೋಪನ್‌ಹೇಗನ್ ಮೇಯರ್ ಹುದ್ದೆಯನ್ನು ಕಳೆದುಕೊಂಡಿತು.

ನಮ್ಮಲ್ಲಿ ಈ ಪ್ರಶ್ನೆಗೆ ಜಾತಿ ಎಂದು ಹೆಸರು. ಲೋಹಿಯಾ ಅದನ್ನು ಯುರೋಪಿನ ಪುಸ್ತಕಗಳನ್ನು ಪಕ್ಕಕ್ಕಿಟ್ಟು ಎದುರಿಸಿದರು: ಹಿಂದುಳಿದವರಿಗೆ ನೂರಕ್ಕೆ ಅರವತ್ತು ಎಂದು ಅವರ ಪಕ್ಷ ಘೋಷಣೆ ಹಾಕಿತು. 1979ರಲ್ಲಿ ಜನತಾ ಸರಕಾರದಡಿ ಕೆಲಸ ಆರಂಭಿಸಿದ ಮಂಡಲ್ ಆಯೋಗದ ಹಿಂದುಳಿದ ವರ್ಗಗಳ ಮೀಸಲಾತಿ ಶಿಫಾರಸನ್ನು ಜಾರಿ ಮಾಡುವುದಾಗಿ 1990ರಲ್ಲಿ ಘೋಷಣೆಯಾದದ್ದು ಆ ರಾಜಕಾರಣದ ದೊಡ್ಡ ಗೆಲುವು. ಗೆದ್ದ ಮೇಲೆ ಪ್ರತಿ ರಾಜ್ಯದ ಪ್ರತಿ ದೊಡ್ಡ ಸಮುದಾಯವೂ ತನ್ನದೇ ಪಕ್ಷ, ತನ್ನದೇ ಮನೆತನದ ನಾಯಕನನ್ನು ಕಂಡುಕೊಂಡಿತು. ಜನತಾ ಪರಿವಾರ ಹೋಳಾಗುತ್ತ ಹೋಯಿತು. ಹಾವೇರಿ ಜಿಲ್ಲೆಯ ಕಾರಡಗಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ರಾಜಕಾರಣ ಮಾಡಿದ ಎಸ್.ಆರ್. ಬೊಮ್ಮಾಯಿಯವರು ಮಾನವತಾವಾದಿ ಚಿಂತಕ ಎಂ.ಎನ್. ರಾಯ್ ಅವರ ವಿಚಾರಗಳಿಂದ ಪ್ರಭಾವಿತರಾದವರು, 1988ರಲ್ಲಿ ಜನತಾ ಪರಿವಾರದ ಮುಖ್ಯಮಂತ್ರಿಯಾದರು. ಅವರ ಮಗ 2021ರಲ್ಲಿ ಬಿಜೆಪಿಯ ಮುಖ್ಯಮಂತ್ರಿಯಾದರು. ಇದನ್ನು ಯಾರದೋ ನೀತಿಗೇಡು ಎಂದು ಹೇಳುತ್ತಿಲ್ಲ. ಈ ಭಾಗದಲ್ಲಿ ಕಾಂಗ್ರೆಸ್ಸಿಗೆ ಎದುರಾಗಿ ನಿಂತಿದ್ದ ದೊಡ್ಡ ಮತವರ್ಗ ಇಡಿಯಾಗಿ ಹಾಗೆಯೇ ಸಾಗಿತು, ಏಕೆಂದರೆ ಅದನ್ನು ಹಿಡಿದಿಟ್ಟಿದ್ದು ಸಮಾಜವಾದವಾಗಿರಲಿಲ್ಲ.

ಹಾಗಾದರೆ ಸಮಾಜವಾದಿ ವಿಚಾರಗಳು ಸೋತವೇ? ಇಲ್ಲ, ಅವು ಬೇರೆಯವರ ಕೈಯಲ್ಲಿ ಗೆದ್ದವು. ಉಳುವವನೇ ಹೊಲದೊಡೆಯ ಎಂಬ ಕೂಗನ್ನು ಎತ್ತಿದವರು ಸಮಾಜವಾದಿಗಳು, ಕಮ್ಯುನಿಸ್ಟರು. ಗೇಣಿ ಪದ್ಧತಿಯನ್ನು 1974ರ ಕಾನೂನಿನಿಂದ ತೆಗೆದವರು ಕಾಂಗ್ರೆಸ್ಸಿನ ದೇವರಾಜ ಅರಸು. ಈಗ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, 200 ಯೂನಿಟ್‌ವರೆಗೆ ಉಚಿತ ವಿದ್ಯುತ್ತು, ಹೆಣ್ಣುಮಕ್ಕಳಿಗೆ ಉಚಿತ ಬಸ್ಸು. ಹೆಸರು ಬದಲಿಸಿ ಇಂಥವನ್ನೇ ಬೇರೆ ಬೇರೆ ರಾಜ್ಯಗಳಲ್ಲಿ ಎಲ್ಲ ಪಕ್ಷಗಳೂ ಕೊಡುತ್ತಿವೆ. ಇವನ್ನು ಬಿಟ್ಟಿ ಭಾಗ್ಯ ಎಂದು ಹಂಗಿಸುವವರ ಜೊತೆ ನಾನಿಲ್ಲ. ಹಾವೇರಿಯಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಗಂಡನ ಮುಂದೆ ಕೈಚಾಚದೆ ಬರಬಲ್ಲ ಹೆಣ್ಣುಮಗಳಿಗೆ ಆದ ಅನುಕೂಲವನ್ನು ಯಾವ ಕಾರ್ಮಿಕ ಸಂಘವೂ ಮಾಡಿಕೊಟ್ಟಿರಲಿಲ್ಲ. ಆದರೆ ಈ ವ್ಯವಸ್ಥೆಯಲ್ಲಿ ಆಕೆಯ ಹೆಸರು ಫಲಾನುಭವಿ. ದುಡ್ಡು ಬಂದರೆ ಮೊಬೈಲು ಗುಣುಗುಟ್ಟುತ್ತದೆ. ಬಾರದಿದ್ದರೆ ಆನ್‌ಲೈನ್ ಸೆಂಟರಿನಲ್ಲಿ ಸಾಲು ನಿಲ್ಲಬೇಕು. ಆಕೆ ಒಬ್ಬಳೇ.

ಗದಗಿನಿಂದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರು ತಮ್ಮ ದುಡ್ಡು ಹಾಕಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು; ಸಹಕಾರಿ ಸಂಘಗಳ ಕಾಯ್ದೆ ಬಂದು ಆಗ ಒಂದೇ ವರ್ಷವಾಗಿತ್ತು. ಅವರನ್ನು ಯಾರೂ ಸಮಾಜವಾದಿಗಳೆಂದು ಕರೆದಿಲ್ಲ. ಆದರೆ ಅಲ್ಲಿ ಸೇರಿದವನ ಹೆಸರು ಸದಸ್ಯ. ಅವನಿಗೆ ಶೇರು ಇತ್ತು, ಸಭೆಯಲ್ಲಿ ಮತವಿತ್ತು, ಲೆಕ್ಕ ತೋರಿಸಿ ಎನ್ನುವ ಹಕ್ಕಿತ್ತು. ಮುಂದೆ ಇಂಥ ಸಂಘಗಳಲ್ಲಿ ದೊಡ್ಡ ಹೊಲದವರೇ ಡೈರೆಕ್ಟರುಗಳಾಗಿ ಕುಳಿತದ್ದನ್ನೂ, ಹೆಣ್ಣುಮಕ್ಕಳ ಹೆಸರು ಶೇರು ಪುಸ್ತಕದಲ್ಲಿ ಇಲ್ಲದ್ದನ್ನೂ ಮುಚ್ಚಿಡಬೇಕಾಗಿಲ್ಲ. ಆದರೂ ಸಮಾಜವಾದಿ ಪಕ್ಷ ಬದುಕಬಲ್ಲದ್ದು ಸದಸ್ಯರ ನಡುವೆ. ಫಲಾನುಭವಿಗಳ ನಡುವೆ ಅದಕ್ಕೆ ಬೇರಿಲ್ಲ, ಏಕೆಂದರೆ ಕೊಡುವ ಪೈಪೋಟಿಯಲ್ಲಿ ಅಧಿಕಾರದಲ್ಲಿರುವವರು ಯಾವಾಗಲೂ ಒಂದು ಹೆಜ್ಜೆ ಮುಂದೆ.

ಇದನ್ನು ಅರಿತು ಕೆಲಸ ಮಾಡುತ್ತಿರುವವರು ಅಲ್ಲಲ್ಲಿ ಇದ್ದಾರೆ. ಆಸ್ಟ್ರಿಯಾದ ಎರಡನೆಯ ದೊಡ್ಡ ನಗರವಾದ ಗ್ರಾಜ್‌ನಲ್ಲಿ ಕಮ್ಯುನಿಸ್ಟ್ ಪಕ್ಷ ದಶಕಗಳ ಕಾಲ ಮಾಡಿದ್ದು ಮುಖ್ಯವಾಗಿ ಬಾಡಿಗೆದಾರರ ಕೆಲಸ: ಮನೆ ಮಾಲೀಕರ ನೋಟಿಸಿಗೆ ಉತ್ತರ ಬರೆದುಕೊಡುವುದು, ಬಾಡಿಗೆಯ ಲೆಕ್ಕ ಪರಿಶೀಲಿಸುವುದು. ಅದರ ನಗರಸಭಾ ಸದಸ್ಯರು ಸಂಬಳದಲ್ಲಿ ಸಾಮಾನ್ಯ ಕಾರ್ಮಿಕನಿಗೆ ಸಿಗುವಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಕಷ್ಟದಲ್ಲಿರುವವರ ನಿಧಿಗೆ ಹಾಕುತ್ತಾರೆ. 2021ರಲ್ಲಿ ಅದು ನಗರದ ಅತಿ ದೊಡ್ಡ ಪಕ್ಷವಾಗಿ ಎಲ್ಕೆ ಕಾರ್ ಮೇಯರ್ ಆದರು. ದೇಶಮಟ್ಟದಲ್ಲಿ ಆ ಪಕ್ಷ ಈಗಲೂ ಬಹಳ ಸಣ್ಣದು. ಕೇರಳದಲ್ಲಿ 1998ರಲ್ಲಿ ಶುರುವಾದ ಕುಟುಂಬಶ್ರೀಯ ನೆರೆಹೊರೆ ಗುಂಪುಗಳು ವಾರಕ್ಕೊಮ್ಮೆ ಕೂಡುತ್ತವೆ, ಸಾಲದ ಜೊತೆ ಪಂಚಾಯಿತಿಯ ಯೋಜನೆಯನ್ನೂ ಚರ್ಚಿಸುತ್ತವೆ. ಎರಡರಲ್ಲಿಯೂ ಘೋಷಣೆ ಕಡಿಮೆ, ಕಾಗದಪತ್ರ ಹೆಚ್ಚು.

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾನೂನೊಂದನ್ನು ಮಾಡಿತು. ಆ್ಯಪ್‌ಗಳ ಮೂಲಕ ಊಟ ತಲುಪಿಸುವವರು, ಗಾಡಿ ಓಡಿಸುವವರು ಇದರಡಿ ನೋಂದಾಯಿಸಿಕೊಳ್ಳಬಹುದು. ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಶೇ. 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ಶುಲ್ಕವಾಗಿ ಕಟ್ಟಬೇಕು. ನಿಧಿ ನೋಡಿಕೊಳ್ಳಲು ಒಂದು ಮಂಡಳಿ. ಹುಬ್ಬಳ್ಳಿಯ ವಿದ್ಯಾನಗರದ ಚಹಾದಂಗಡಿಯ ಮುಂದೆ ಮಧ್ಯಾಹ್ನ ಮೂರರ ಹೊತ್ತಿಗೆ ಆರ್ಡರು ಇಲ್ಲದೆ ಎಂಟ್ಹತ್ತು ಹುಡುಗರು ಗಾಡಿಯ ಮೇಲೆ ಕುಳಿತು ಮೊಬೈಲು ನೋಡುತ್ತಿರುತ್ತಾರೆ. ಈಗಿನ ಕಾಲದ ಗೇಟು ಅಂದರೆ ಅದೇ. ಅವರಲ್ಲಿ ಒಬ್ಬ, ಅಣ್ಣಿಗೇರಿ ಕಡೆಯ ಹುಡುಗ, ಕಾನೂನಿನ ವಿಷಯ ನನ್ನಿಂದಲೇ ಮೊದಲು ಕೇಳಿದ. ಶುಲ್ಕದ ಲೆಕ್ಕ ಅವನಿಗೆ ಚಕ್ಕನೆ ತಿಳಿಯಿತು. ಮಂಡಳಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳೂ ಇರುತ್ತಾರೆ ಎಂದಾಗ ಚಹಾದ ಲೋಟ ಕೆಳಗಿಟ್ಟು, “ಅವ್ರನ್ನ ಆರಿಸೋರು ಯಾರ್ರೀ? ನಾವನು?” ಎಂದು ಕೇಳಿದ. ಸರಕಾರ ನೇಮಿಸುತ್ತದೆ ಎಂದೆ. ಅಷ್ಟರಲ್ಲಿ ಮೊಬೈಲು ಕೂಗಿತು. ನವನಗರದ ಆರ್ಡರು, ಹೆಲ್ಮೆಟ್ಟು ಏರಿಸಿಕೊಂಡು ಹೊರಟ.